ಕತ್ತಲೆಗೆ ಬಾಡಿಗೆ ಇಲ್ಲ



ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ಕುಮಾರವ್ಯಾಸ, ಇಲ್ಲವೆ ಜಿಲ್ಲೆಯ ಶಾಸನಗಳು ಎಂಬ ರೂಢಿಯಿದೆ. ಗುರುಗುಂಡಬ್ರಹ್ಮೇಶ್ವರ ಸ್ವಾಮಿಯ ಮಠವಿರುವ ಪಟ್ಟನಾಯಕನಹಳ್ಳಿಗೆ ಬಂದು ಕೊಲೆ, ಕಳ್ಳಸಾಗಣೆ, ಗೂಢಚಾರರ ಸಿನಿಮಾಗಳ ಮಾತೆತ್ತುವವನನ್ನು ನೀವು ಅನುಮಾನದಿಂದ ನೋಡಿದರೆ ತಪ್ಪಿಲ್ಲ. ಇವತ್ತಿನ ವಿಷಯಕ್ಕೆ ಅನುಮಾನವೇ ಬಂಡವಾಳ. ಹೋಗಲಿ, ನಾನು ಆರಿಸಿಕೊಂಡ ಚಿತ್ರಗಳಾದರೂ ಘನವಾದವೇ ಎಂದರೆ ಅದೂ ಇಲ್ಲ. ವಿಮರ್ಶಕರು ತಿರುಗಿ ನೋಡದ, ಹಣವಿಲ್ಲದವರು ಅವಸರದಲ್ಲಿ ಮಾಡಿ ಮುಗಿಸಿದ ಕಪ್ಪು-ಬಿಳುಪಿನ ಪತ್ತೇದಾರಿ ಚಿತ್ರಗಳು. ಕೆಲವು ಇಂಗ್ಲೆಂಡಿನವು, ಹೆಚ್ಚಿನವು ನಮ್ಮವು.

ನನ್ನ ವಾದವನ್ನು, ಪತ್ತೇದಾರಿ ಕತೆಯ ನಿಯಮ ಮುರಿದು, ಮೊದಲೇ ಬಿಟ್ಟುಕೊಡುತ್ತೇನೆ. ಪುರಾಣದ ಚಿತ್ರಕ್ಕೂ ಯುದ್ಧದ ಚಿತ್ರಕ್ಕೂ ಹಣ ಬೇಕು, ಏಕೆಂದರೆ ಅವು ತೋರಿಸಲೇಬೇಕು. ಪತ್ತೇದಾರಿ ಚಿತ್ರದ ಕಸುಬು ಬಚ್ಚಿಡುವುದು. ಬಚ್ಚಿಡುವುದಕ್ಕೆ ಖರ್ಚಿಲ್ಲ. ನಾಲ್ಕು ಗೋಡೆಯ ಸೆಟ್ ಹಾಕಲು ಕಾಸಿಲ್ಲದವನು ಎರಡು ಗೋಡೆ ಹಾಕಿ, ಮಿಕ್ಕಿದ್ದಕ್ಕೆ ಬೆಳಕು ಬಿಡದೆ ಸುಮ್ಮನಾಗುತ್ತಾನೆ. ಕತ್ತಲೆಗೆ ಯಾರೂ ಬಾಡಿಗೆ ಕೇಳುವುದಿಲ್ಲ. ಅಲ್ಲಿ ಗೋಡೆಯೇ ಇಲ್ಲ ಎಂದು ನೋಡುವವನಿಗೆ ಗೊತ್ತಾಗುವುದಿಲ್ಲ, ಅಲ್ಲಿ ಯಾರೋ ನಿಂತಿದ್ದಾರೆ ಎಂದೇ ಅವನಿಗೆ ಅನ್ನಿಸುತ್ತದೆ. ಇಂಗ್ಲೆಂಡಿನ ಬಡ ನಿರ್ದೇಶಕರು ಈ ಪಾಠವನ್ನು ಚೆನ್ನಾಗಿ ಕಲಿತರು. ನಮ್ಮವರು ಅರ್ಧ ಕಲಿತರು. ಇನ್ನರ್ಧವನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡರು. ಆ ಇನ್ನರ್ಧದ ಬಗ್ಗೆ ಯಾರೂ ಅಷ್ಟಾಗಿ ಬರೆದಿಲ್ಲ ಎಂಬುದೇ ನಾನಿಲ್ಲಿ ನಿಲ್ಲಲು ನೆಪ.

ಇಂಗ್ಲೆಂಡಿನ ಕತೆ ಒಂದು ಕಾಯಿದೆಯಿಂದ ಶುರುವಾಗುತ್ತದೆ. 1920ರ ದಶಕದಲ್ಲಿ ಅಲ್ಲಿನ ಚಿತ್ರಮಂದಿರಗಳನ್ನು ಅಮೆರಿಕದ ಚಿತ್ರಗಳು ತುಂಬಿಕೊಂಡಿದ್ದವು. 1927ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು: ವಿತರಕರು ಹಂಚುವ ಚಿತ್ರಗಳಲ್ಲಿ ಶೇ. 7.5, ಪ್ರದರ್ಶಕರು ತೋರಿಸುವವುಗಳಲ್ಲಿ ಶೇ. 5 ಬ್ರಿಟಿಷ್ ಚಿತ್ರಗಳಿರಬೇಕು. ಈ ಪಾಲು ಏರುತ್ತ ಹೋಗಿ 1930ರ ದಶಕದ ಕೊನೆಯ ಹೊತ್ತಿಗೆ ಶೇ. 20 ಮುಟ್ಟಬೇಕು. ಅಮೆರಿಕದ ಕಂಪನಿಗಳು ಇದಕ್ಕೂ ಉಪಾಯ ಹುಡುಕಿದವು. ಲೆಕ್ಕ ತುಂಬಿಸಲು ಲಂಡನ್ನಿನ ಸಣ್ಣಪುಟ್ಟ ಸ್ಟುಡಿಯೋಗಳಿಗೆ ಒಂದು ಅಡಿ ಫಿಲ್ಮಿಗೆ ಒಂದು ಪೌಂಡ್ ಎಂಬ ದರದಲ್ಲಿ ಗುತ್ತಿಗೆ ಕೊಟ್ಟವು. ಸೌದೆಯನ್ನು ತೂಕದಲ್ಲಿ ಮಾರುವ ಹಾಗೆ ಸಿನಿಮಾವನ್ನು ಅಡಿಲೆಕ್ಕದಲ್ಲಿ ಕೊಂಡರು. ಹೀಗೆ ಹುಟ್ಟಿದವನ್ನು ಜನ ‘ಕೋಟಾ ಕ್ವಿಕೀ’ ಎಂದು ಕರೆದು ನಕ್ಕರು. ಬೆಳಿಗ್ಗೆ ಚಿತ್ರಮಂದಿರ ಗುಡಿಸುವ ಹೆಂಗಸರೆದುರು ಇವನ್ನು ಓಡಿಸಿ, ತೋರಿಸಿದ್ದೇವೆ ಎಂದು ಲೆಕ್ಕ ಬರೆದುಕೊಳ್ಳುತ್ತಿದ್ದರು ಎಂಬ ಕತೆ ಇವತ್ತಿಗೂ ಚಾಲ್ತಿಯಲ್ಲಿದೆ. ನಿಜವೋ ಉತ್ಪ್ರೇಕ್ಷೆಯೋ, ಆ ಚಿತ್ರಗಳಿಗಿದ್ದ ಮರ್ಯಾದೆ ಎಷ್ಟೆಂಬುದು ಅದರಿಂದ ತಿಳಿಯುತ್ತದೆ.

ಆದರೆ ಆ ಕಸದ ಗಾಡಿಯಲ್ಲಿ ಬಂದವರು ಯಾರು ನೋಡಿ. ಮುಂದೆ ‘ದಿ ರೆಡ್ ಶೂಸ್’ ಮಾಡಿದ ಮೈಕೆಲ್ ಪೊವೆಲ್ 1931ರಿಂದ 1936ರೊಳಗೆ ಇಂಥವನ್ನು ಇಪ್ಪತ್ತಕ್ಕೂ ಹೆಚ್ಚು ಮಾಡಿ ಕೈ ಪಳಗಿಸಿಕೊಂಡರು. 1933ರಲ್ಲಿ ಬರ್ನಾರ್ಡ್ ವೊರ್‌ಹೌಸ್ ‘ದಿ ಘೋಸ್ಟ್ ಕ್ಯಾಮೆರಾ’ ಎಂಬ ಒಂದು ಗಂಟೆ ಚಿಲ್ಲರೆ ಅವಧಿಯ ಚಿತ್ರ ಮಾಡಿದರು. ರಜೆ ಮುಗಿಸಿ ಬಂದ ಸಾಧು ಸ್ವಭಾವದ ಔಷಧಿ ವ್ಯಾಪಾರಿಯೊಬ್ಬನ ಕಾರಿನಲ್ಲಿ ಯಾರದೋ ಕ್ಯಾಮೆರಾ ಸಿಗುತ್ತದೆ. ಯಾರದೆಂದು ತಿಳಿಯಲು ಒಳಗಿನ ಚಿತ್ರಗಳನ್ನು ತೊಳೆದರೆ ಒಂದರಲ್ಲಿ ಕೊಲೆ ನಡೆದಂತೆ ಕಾಣುತ್ತದೆ. ಇಡೀ ಚಿತ್ರಕ್ಕೆ ಒಂದು ಕ್ಯಾಮೆರಾ, ನಾಲ್ಕಾರು ಫೋಟೊ ಸಾಕು. ಅದರ ಸಂಕಲನಕಾರ ಡೇವಿಡ್ ಲೀನ್ ಎಂಬ ಹುಡುಗ.

ಈ ಲೀನ್ ಹೆಸರನ್ನು ನಮ್ಮ ಸೀಮೆಯವರು ಸುಮ್ಮನೆ ದಾಟುವಂತಿಲ್ಲ. ಸುಮಾರು ಐವತ್ತು ವರ್ಷದ ಮೇಲೆ, ಜಗತ್ತಿನ ದೊಡ್ಡ ನಿರ್ದೇಶಕರ ಸಾಲಿನಲ್ಲಿ ನಿಂತ ಅದೇ ಲೀನ್, ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರೀಕರಣಕ್ಕೆಂದು ಬೆಂಗಳೂರಿಗೆ ಬಂದು, ನಮ್ಮ ಪಕ್ಕದ ಮಾಗಡಿಯ ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ ಗುಹೆಗಳನ್ನು ಸೃಷ್ಟಿಸಿದರು. 1984ರಲ್ಲಿ ಬಂದ ಆ ಚಿತ್ರಕ್ಕೆ ಹಣದ ಬರವಿರಲಿಲ್ಲ, ಬಣ್ಣವೂ ಇತ್ತು. ಆದರೂ ಅದರ ಜೀವಾಳ ಏನು? ಗುಹೆಯೊಳಗೆ ಕತೆಯ ಇಂಗ್ಲಿಷ್ ಹುಡುಗಿಗೆ ಏನಾಯಿತು ಎಂಬುದನ್ನು ಪ್ರೇಕ್ಷಕನ ಕಣ್ಣಿಗೆ ಬೀಳಿಸದೆ ಕೊನೆಯ ತನಕ ಸಾಗಿಸುವುದು. ಅಡಿಗೊಂದು ಪೌಂಡಿನ ಕಾಲದ ಕಲಿಕೆ ಸಾವನದುರ್ಗದ ತನಕ ಬಂತು ಎಂದು ನಾನು ನಂಬುತ್ತೇನೆ. ಮಧುಗಿರಿ ಬೆಟ್ಟ ಅವರ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬ ಹೊಟ್ಟೆಯುರಿ ಬೇರೆ.

ಎರಡನೆಯ ಮಹಾಯುದ್ಧದ ನಂತರ ಈ ಚಿತ್ರಗಳ ಎರಡನೆಯ ಬೆಳೆ ಬಂತು. ಒಂದು ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಅಲ್ಲಿತ್ತು. ದೊಡ್ಡ ಚಿತ್ರದ ಮುಂಚೆ ಒಂದು ಗಂಟೆಯ ಸಣ್ಣ ಚಿತ್ರ. ಲಂಡನ್ನಿನ ಮರ್ಟನ್ ಪಾರ್ಕ್ ಸ್ಟುಡಿಯೋ 1960ರಿಂದ 1965ರವರೆಗೆ ಎಡ್ಗರ್ ವಾಲೇಸ್ ಕತೆಗಳ ಹೆಸರಿನಲ್ಲಿ ನಲವತ್ತಕ್ಕೂ ಮಿಕ್ಕಿ ಚಿತ್ರ ಮಾಡಿತು. ಪ್ರತಿಯೊಂದೂ ಮಬ್ಬಿನ ನಡುವೆ ತಿರುಗುವ ವಾಲೇಸರ ಅರ್ಧಪ್ರತಿಮೆಯಿಂದ ಆರಂಭ. ಅವೆಲ್ಲವೂ ಚೆನ್ನಾಗಿವೆ ಎನ್ನಲಾರೆ. ಹಲವನ್ನು ನೋಡಿದ ಮಾರನೆಯ ದಿನವೇ ಮರೆಯಬಹುದು.

ಮರೆಯಲಾಗದ್ದು 1961ರ ‘ಕ್ಯಾಶ್ ಆನ್ ಡಿಮ್ಯಾಂಡ್’. ಡ್ರಾಕುಲಾ ಚಿತ್ರಗಳಿಗೆ ಹೆಸರಾದ ಹ್ಯಾಮರ್ ಕಂಪನಿಯದು, ನಿರ್ದೇಶನ ಕ್ವೆಂಟಿನ್ ಲಾರೆನ್ಸ್. ಕತೆ ನಡೆಯುವುದು ಒಂದು ಸಣ್ಣ ಊರಿನ ಬ್ಯಾಂಕ್ ಶಾಖೆಯಲ್ಲಿ, ಕ್ರಿಸ್‌ಮಸ್ಸಿಗೆ ಮುಂಚಿನ ಒಂದು ಬೆಳಿಗ್ಗೆ. ಮ್ಯಾನೇಜರ್ ಫೋರ್ಡೈಸ್ ಪಾತ್ರದಲ್ಲಿ ಪೀಟರ್ ಕುಶಿಂಗ್. ಪೆನ್ನಿನ ನಿಬ್ಬಿನಲ್ಲೂ ತಪ್ಪು ಹುಡುಕುವ, ಕೈಕೆಳಗಿನವರ ಹಬ್ಬದ ಸಂತೋಷವನ್ನು ಸಹಿಸದ ಮನುಷ್ಯ. ಬಹುಕಾಲದಿಂದ ದುಡಿದ ಗುಮಾಸ್ತನೊಬ್ಬನನ್ನು ಸಣ್ಣ ತಪ್ಪಿಗೆ ಕೆಲಸದಿಂದ ತೆಗೆಯುವ ಬೆದರಿಕೆ ಹಾಕಿರುತ್ತಾನೆ. ವಿಮಾ ಕಂಪನಿಯ ತಪಾಸಣಾಧಿಕಾರಿ ಎಂದು ಹೇಳಿಕೊಂಡು ಒಬ್ಬ ನಗುಮೊಗದ ಕರ್ನಲ್ ಬರುತ್ತಾನೆ. ಅದು ಆಂಡ್ರೆ ಮೊರೆಲ್. ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅವನು ಸಾವಕಾಶವಾಗಿ ತಿಳಿಸುತ್ತಾನೆ: ನಿನ್ನ ಹೆಂಡತಿ, ಮಗ ನಮ್ಮವರ ಕೈಯಲ್ಲಿದ್ದಾರೆ, ಭದ್ರಕೋಣೆಯ ಹಣವನ್ನು ನೀನೇ ನನ್ನ ಪೆಟ್ಟಿಗೆಗೆ ತುಂಬಿಕೊಡಬೇಕು. ಫೋನಿನಲ್ಲಿ ಹೆಂಡತಿಯ ದನಿ ಕೇಳಿಸುತ್ತದೆ. ಅಷ್ಟೆ. ಒತ್ತೆಯಾಳುಗಳ ಮನೆಯನ್ನು ಕ್ಯಾಮೆರಾ ತೋರಿಸುವುದೇ ಇಲ್ಲ. ತೋರಿಸಿದ್ದರೆ ಇನ್ನೊಂದು ಸೆಟ್, ಇನ್ನಿಬ್ಬರು ನಟರು, ಇನ್ನೆರಡು ದಿನದ ಖರ್ಚು ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಭಯ ಅಲ್ಲಿಗೇ ಅರ್ಧವಾಗುತ್ತಿತ್ತು. ಗನ್ನು ಹೊಡೆಯುವ ಸದ್ದಿಲ್ಲ, ಓಟವಿಲ್ಲ. ಬೆವರುವ ಮುಖ, ಗಡಿಯಾರ, ಬಾಗಿಲಾಚೆ ಟೈಪು ಹೊಡೆಯುವ ಗುಮಾಸ್ತರು. ಬೆಳಿಗ್ಗೆ ಯಾರನ್ನು ಬೈದಿದ್ದನೋ ಅವರ ಮೌನವನ್ನೇ ಆ ಮ್ಯಾನೇಜರ್ ಮಧ್ಯಾಹ್ನದ ಹೊತ್ತಿಗೆ ಅಂಗಲಾಚಬೇಕಾಗುತ್ತದೆ. ಹಣ ಕಳುವಾಗುತ್ತದೆಯೋ ಇಲ್ಲವೋ ಎಂಬುದರಿಂದ ಶುರುವಾದ ಕಾತರ, ಈ ಮನುಷ್ಯ ಬದಲಾಗುತ್ತಾನೋ ಇಲ್ಲವೋ ಎಂಬಲ್ಲಿಗೆ ಸರಿಯುವುದು ಗೊತ್ತೇ ಆಗುವುದಿಲ್ಲ. ಶಿರಾ ಪೇಟೆಯ ಯಾವ ಬ್ಯಾಂಕಿನಲ್ಲಾದರೂ ನಾಳೆ ಬೆಳಿಗ್ಗೆ ಈ ಚಿತ್ರವನ್ನು ತೆಗೆಯಬಹುದು.

ಇನ್ನೊಂದು, ಲ್ಯಾನ್ಸ್ ಕಂಫರ್ಟ್ ನಿರ್ದೇಶಿಸಿದ ‘ಟುಮಾರೊ ಅಟ್ ಟೆನ್’. ಮಗುವೊಂದನ್ನು ಬೊಂಬೆಯೊಳಗಿನ ಬಾಂಬಿನ ಜೊತೆ ಕೂಡಿಹಾಕಿ ಬಂದ ಅಪಹರಣಕಾರ, ಜಾಗ ಯಾವುದೆಂದು ಹೇಳದೆ ಸತ್ತುಹೋಗುತ್ತಾನೆ. ಮಿಕ್ಕದ್ದು ಪೊಲೀಸರ ಪರದಾಟ.

ಈಗ ನಮ್ಮ ಕಡೆಗೆ ಬರೋಣ.

1960ರ ದಶಕದ ಕನ್ನಡ ಚಿತ್ರಗಳೆಲ್ಲ ಒಂದರ್ಥದಲ್ಲಿ ಬಡ ಚಿತ್ರಗಳೇ. ನಮ್ಮ ಮಾರುಕಟ್ಟೆ ಮೈಸೂರು ರಾಜ್ಯದ ಗಡಿಗೆ ಮುಗಿಯುತ್ತಿತ್ತು, ರಾಜ್ಯದೊಳಗೂ ತಮಿಳು, ತೆಲುಗು, ಹಿಂದಿಯ ಜೊತೆ ಹಂಚಿಕೊಳ್ಳಬೇಕಿತ್ತು. ಚಿತ್ರೀಕರಣ ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ, ಅವರ ಬಾಡಿಗೆ ದರದಲ್ಲಿ. 1964ರಲ್ಲೇ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ತಿ ವರ್ಣದಲ್ಲಿ ಬಂದಿದ್ದರೂ ಬಣ್ಣದ ಕಚ್ಚಾ ಫಿಲ್ಮು ಹೊರದೇಶದಿಂದ ಬರಬೇಕಿತ್ತು, ವಿದೇಶಿ ವಿನಿಮಯದ ಕಾಟ ಬೇರೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರುಮಾಡಿದಾಗ ಸಿಕ್ಕಿದ್ದೂ ಕಪ್ಪು-ಬಿಳುಪಿನದೇ. ಹೀಗಾಗಿ ಕಪ್ಪು-ಬಿಳುಪು ನಮ್ಮವರು ಬಯಸಿ ಆರಿಸಿಕೊಂಡ ಶೈಲಿಯಾಗಿರಲಿಲ್ಲ. ಇಲ್ಲೂ ಸರ್ಕಾರ ಕೈ ಹಾಕಿತು, ಆದರೆ ಇಂಗ್ಲೆಂಡಿನ ಹಾಗೆ ಪಾಲು ಗೊತ್ತುಮಾಡಲಿಲ್ಲ. 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಬಂತು, ರಾಜ್ಯದೊಳಗೆ ತಯಾರಾದ ಚಿತ್ರಗಳಿಗೆ ಸಹಾಯಧನ ಕೊಡುವ ಪದ್ಧತಿಯೂ ಆ ದಶಕದ ಉತ್ತರಾರ್ಧದಲ್ಲಿ ಶುರುವಾಯಿತು.

ಕತೆಗೆ ಮಾತ್ರ ಬರವಿರಲಿಲ್ಲ. ಶಾಲೆಯ ಓದು ಹೆಚ್ಚಿಲ್ಲದ ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಹಿಡಿದು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ, ಬಾಡಿಗೆ ಲೈಬ್ರರಿಗಳಲ್ಲಿ ಅವು ಕೈಯಿಂದ ಕೈಗೆ ದಾಟಿ ರಟ್ಟು ಕಿತ್ತುಹೋಗುತ್ತಿದ್ದವು. ನಾವಿವತ್ತು ಹಾರಿಸುವ ಹಳದಿ-ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ರಾಜ್ಯೋತ್ಸವದ ಭಾಷಣಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ಬಾವುಟದ ತೂಕ ಕಡಿಮೆಯಾದೀತೆಂಬ ಭಯವೇನೋ. ಇನ್ನು ಟಿ.ಕೆ. ರಾಮರಾಯರು. ನೇಗಿಲು ಹಿಡಿದು ಊರು ಕಟ್ಟಿದ ‘ಬಂಗಾರದ ಮನುಷ್ಯ’ನ ಕಾದಂಬರಿಕಾರ ಮೂಲತಃ ಪತ್ತೇದಾರಿ ಕತೆಗಳಿಗೆ ಹೆಸರಾದವರು ಎಂದರೆ ನಮ್ಮ ಅನೇಕರಿಗೆ ಇಂದಿಗೂ ನಂಬಿಕೆಯಾಗುವುದಿಲ್ಲ.

1968ರಲ್ಲಿ ‘ಜೇಡರ ಬಲೆ’ ಬಂತು. ಛಾಯಾಗ್ರಾಹಕ ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಜೋಡಿಯಾಗಿ ನಿರ್ದೇಶಿಸಿದ ಮೊದಲ ಚಿತ್ರ. ಸಂಗೀತ ಜಿ.ಕೆ. ವೆಂಕಟೇಶ್. ಸಿಐಡಿ 999 ಪ್ರಕಾಶನಾಗಿ ರಾಜಕುಮಾರ್, ಎದುರಿಗೆ ಜಯಂತಿ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಗೋವಾ ಚಿತ್ರದಲ್ಲಿ ಲಕ್ಷ್ಮಿ, ಜಾಕ್‌ಪಾಟ್‌ನಲ್ಲಿ ಮುಂದೆ ಹಿಂದಿಯ ದೊಡ್ಡ ತಾರೆಯಾದ ರೇಖಾ. ಮಾದರಿ ಜೇಮ್ಸ್ ಬಾಂಡ್ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. 007 ಹೋಗಿ 999 ಆಯಿತು. ಇಂಗ್ಲೆಂಡಿನವರಿಗೆ ಈ ಸಂಖ್ಯೆ ಕೇಳಿದರೆ ನಗು ಬರಬಹುದು, 1937ರಿಂದ ಲಂಡನ್ನಿನಲ್ಲಿ ಪೊಲೀಸರನ್ನು ಕರೆಯಲು ತಿರುಗಿಸುವ ನಂಬರು ಅದೇ.

ಬಾಂಡ್ ಎಂದೊಡನೆ ನಮ್ಮ ವಿಮರ್ಶಕರು ‘ಅನುಕರಣೆ’ ಎಂದು ಬರೆದು ಪೆನ್ನು ಮುಚ್ಚಿದರು. ಸ್ವಲ್ಪ ತಡೆದು ನೋಡಬೇಕಿತ್ತು. ‘ಜೇಡರ ಬಲೆ’ಯ ಕತೆ ಸುತ್ತುವುದು ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರವೊಂದರ ಸುತ್ತ. ಆ ಕಾಲದ ಚಿನ್ನದ ಕತೆ ನೆನಪಿದೆಯೇ? 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನದ ನಿಯಂತ್ರಣ ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡುವಂತಿಲ್ಲ ಎಂದಿತು ಸರ್ಕಾರ. ದೇಶದ ತುಂಬ ಅಕ್ಕಸಾಲಿಗರ ಒಲೆ ಆರಿತು. ‘ಜೇಡರ ಬಲೆ’ ತೆರೆ ಕಂಡ 1968ರಲ್ಲೇ ಅದು ಇನ್ನಷ್ಟು ಬಿಗಿಯಾದ ಕಾಯಿದೆಯಾಗಿ, ಗಟ್ಟಿ ಚಿನ್ನ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಮಗಳ ಮದುವೆಗೆ ನಾಲ್ಕು ತೊಲ ಕೂಡಿಡುವವನೂ ಕಾನೂನಿನ ಕಣ್ಣಿಗೆ ಹೆದರುವ ಕಾಲದಲ್ಲಿ, ಕಬ್ಬಿಣದ ತುಂಡೊಂದು ಚಿನ್ನವಾದೀತು ಎಂಬ ಕಲ್ಪನೆಗೆ ಇಂಗ್ಲೆಂಡಿನ ಯಾವ ಕಾದಂಬರಿಯ ಹಂಗೂ ಬೇಕಿರಲಿಲ್ಲ. ಕಳ್ಳಸಾಗಣೆದಾರ ನಮ್ಮ ತೆರೆಯ ಖಳನಾದದ್ದು ಈ ಕಾಯಿದೆಗಳ ನೆರಳಿನಲ್ಲಿ.

ಗೋವಾದ ಆಯ್ಕೆಯೂ ಅಷ್ಟೇ ಜಾಣತನದ್ದು. ಬಾಂಡ್ ಜಮೈಕಾಕ್ಕೋ ಇಸ್ತಾಂಬುಲಿಗೋ ಹೋಗಬಲ್ಲ; ನಮ್ಮ ನಿರ್ಮಾಪಕರಿಗೆ ಪಾಸ್‌ಪೋರ್ಟಿನ ಖರ್ಚೂ ಭಾರ. 1961ರ ಡಿಸೆಂಬರಿನ ತನಕ ಪೋರ್ಚುಗೀಸರ ಕೈಯಲ್ಲಿದ್ದ ಗೋವಾ, ಬಿಡುಗಡೆಯಾಗಿ ಏಳು ವರ್ಷ ತುಂಬುವ ಮುಂಚೆ, ಕನ್ನಡ ಪ್ರೇಕ್ಷಕನಿಗೆ ಪರದೇಶವೇ. ಇಗರ್ಜಿ, ಕಡಲು, ಬೇರೆ ಭಾಷೆ, ಬೇರೆ ಉಡುಪು, ಮದ್ಯದಂಗಡಿ. ಹೋಗಲು ಮಾತ್ರ ಪಕ್ಕದ ರಾಜ್ಯಕ್ಕೆ ಹೋಗುವ ಖರ್ಚು. ಹತ್ತು ವರ್ಷ ಕಳೆದು 1978ರಲ್ಲಿ, ಬಣ್ಣ ಬಂದ ಮೇಲೆ, ಅದೇ 999 ‘ಆಪರೇಷನ್ ಡೈಮಂಡ್ ರಾಕೆಟ್’ಗಾಗಿ ನೇಪಾಳದ ತನಕ ಹೋದ. ನೋಟ ಹಿಗ್ಗಿತು, ಬಿಗಿ ಸಡಿಲವಾಯಿತು. ಹಾಡುಗಳು ಅಜರಾಮರವಾದವು ಎಂಬುದು ಬೇರೆ ಮಾತು.

ಇಲ್ಲಿಗೆ ನಾನು ಆರಂಭದಲ್ಲಿ ಹೇಳಿದ ‘ಇನ್ನರ್ಧ’ ಬರುತ್ತದೆ. ಇಂಗ್ಲೆಂಡಿನ ಬಡ ಚಿತ್ರಕ್ಕೆ ಒಂದು ದೊಡ್ಡ ಅನುಕೂಲ: ಅದರ ನಟರು ಅಷ್ಟೇನೂ ದೊಡ್ಡವರಲ್ಲ. ಯಾರು ಬೇಕಾದರೂ ಸಾಯಬಹುದು, ಯಾರು ಬೇಕಾದರೂ ಕೊಲೆಗಾರನಾಗಿರಬಹುದು. ನಮ್ಮ ತೆರೆಯ ಮೇಲಿದ್ದವರು ರಾಜಕುಮಾರ್. 1954ರಲ್ಲಿ ಬೇಡರ ಕಣ್ಣಪ್ಪ, 1960ರಲ್ಲಿ ಕನಕದಾಸ, 1962ರಲ್ಲಿ ಕಬೀರ, 1964ರಲ್ಲಿ ಪುರಂದರದಾಸ. ‘ಜೇಡರ ಬಲೆ’ಗೆ ಎರಡೇ ವರ್ಷ ಮುಂಚೆ ಅವರು ಮಂತ್ರಾಲಯದ ರಾಯರಾಗಿ ಬಂದಿದ್ದರು, ಚಿತ್ರಮಂದಿರದಲ್ಲಿ ಜನ ಕೈಮುಗಿದಿದ್ದರು. ಅಂಥವರು ಸೂಟು ಹಾಕಿ ಪಿಸ್ತೂಲು ಹಿಡಿದರೆ, ಅವರು ಸಾಯುತ್ತಾರೋ ಏನೋ ಎಂದು ಯಾವ ಹುಚ್ಚನೂ ಹೆದರುವುದಿಲ್ಲ. ಪತ್ತೇದಾರಿ ಚಿತ್ರದ ಅರ್ಧ ಬಂಡವಾಳ ಟೈಟಲ್ ಕಾರ್ಡಿನಲ್ಲೇ ಖರ್ಚಾಗಿಹೋಯಿತು.

ಆಗ ದೊರೈ-ಭಗವಾನ್ ಏನು ಮಾಡಿದರು? ಕಾತರವನ್ನು ಬೇರೆ ಕಡೆಗೆ ಸಾಗಿಸಿದರು. ಏನಾಗುತ್ತದೆ ಎನ್ನುವ ಪ್ರಶ್ನೆ ಬಿಟ್ಟು, ಇವರು ಹೇಗೆ ಪಾರಾಗುತ್ತಾರೆ ಎನ್ನುವುದಕ್ಕೆ ನಮ್ಮನ್ನು ಒಗ್ಗಿಸಿದರು. ಇದು ನಮಗೆ ಹೊಸದಲ್ಲ. ಕುರುಕ್ಷೇತ್ರ ನಾಟಕ ನೋಡಲು ಕೂತ ಹಳ್ಳಿಯವನಿಗೆ ದುರ್ಯೋಧನ ಸಾಯುವುದು ಗೊತ್ತಿಲ್ಲವೇ? ಗೊತ್ತಿದ್ದೂ ಬೆಳಗಿನ ತನಕ ಕೂರುತ್ತಾನೆ. ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಬೆಳೆದ ರಾಜಕುಮಾರರಿಗೆ ಈ ಪ್ರೇಕ್ಷಕ ಚಿರಪರಿಚಿತ. ಅಂತ್ಯ ತಿಳಿದಿರುವ ಕತೆಯನ್ನು ಮೈಕೈ ಬಿಗಿಹಿಡಿದು ನೋಡುವ ಜನ ಎದುರಿಗಿದ್ದಾಗ, ಹೊಸ ಲೈಟುಗಳಿಗಿಂತ ಹಳೆಯ ನಟನ ನಡಿಗೆಯೇ ಹೆಚ್ಚು ಕೆಲಸ ಮಾಡುತ್ತದೆ. ‘ಜೇಡರ ಬಲೆ’ಯನ್ನು ಇವತ್ತು ನೋಡಿ: ಖಳರ ಅಡ್ಡೆ, ಮಿಣುಕುವ ದೀಪಗಳ ಯಂತ್ರ, ತಾನೇ ತೆರೆದುಕೊಳ್ಳುವ ಬಾಗಿಲು, ಹಣ ಹಾಕಿ ತೋರಿಸಲು ಹೋದದ್ದೆಲ್ಲ ಹಳತಾಗಿದೆ, ಮಕ್ಕಳು ನಗುತ್ತಾರೆ. ಅರೆಬೆಳಕಿನಲ್ಲಿ ಒಬ್ಬ ಮನುಷ್ಯ ಹೆಜ್ಜೆಯಿಡುವ ಕಡೆ ಯಾರೂ ನಗುವುದಿಲ್ಲ.

ಹಾಡಿನ ಕತೆ ಇನ್ನೂ ಸೊಗಸು. ತಮಿಳಿನ ಎಸ್. ಬಾಲಚಂದರ್ 1954ರ ‘ಅಂದ ನಾಳ್’ನಲ್ಲಿ ಹಾಡೇ ಇಲ್ಲದ ರಹಸ್ಯ ಚಿತ್ರ ಮಾಡಿ ಮೆಚ್ಚುಗೆ ಗಳಿಸಿದರು, ಆದರೆ ಆ ದಾರಿಯನ್ನು ತುಳಿದವರು ಕಡಿಮೆ. ಹಾಡು ಬಂದರೆ ಬಿಗಿ ಹೋಯಿತು ಎಂಬುದು ಪಂಡಿತರ ದೂರು. ಒಪ್ಪಲು ನನಗೆ ಮನಸ್ಸಿಲ್ಲ. ಆ ಕಾಲದ ಕ್ಲಬ್ ಹಾಡನ್ನು ನೆನೆಯಿರಿ. ವೇದಿಕೆಯ ಮೇಲೆ ನರ್ತಕಿ, ಒಂದು ಮೇಜಿನಲ್ಲಿ ನಾಯಕ, ಇನ್ನೊಂದರಲ್ಲಿ ಖಳನ ಚೇಲಾ, ಕಂಬದ ಮರೆಯಲ್ಲಿ ಮೂರನೆಯವನು. ಹಾಡು ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ, ಏಳುವಂತಿಲ್ಲ, ಕಣ್ಣುಗಳಷ್ಟೇ ಓಡಾಡಬೇಕು. ನಾಲ್ಕು ನಿಮಿಷ ಎಲ್ಲರನ್ನೂ ಕುರ್ಚಿಗೆ ಕಟ್ಟಿಹಾಕುವ ಇಂಥ ಸಾಧನ ಇಂಗ್ಲೆಂಡಿನ ಮರ್ಟನ್ ಪಾರ್ಕಿನವರಿಗೆ ಸಿಕ್ಕಿರಲಿಲ್ಲ. ಜಿ.ಕೆ. ವೆಂಕಟೇಶ್ ತಾಳವಾದ್ಯಗಳನ್ನು ಒತ್ತೊತ್ತಾಗಿ ಜೋಡಿಸಿ, ಅಲ್ಲಲ್ಲಿ ಹಠಾತ್ತನೆ ನಿಲ್ಲಿಸಿ, ಆ ಕಾಯುವಿಕೆಯನ್ನು ಕಿವಿಗೂ ಹಾಕಿದರು. ಹಾಸ್ಯವೂ ಹಾಗೆಯೇ. ನಮ್ಮ ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ತಮ್ಮ ಹಲ್ಲು, ಕಣ್ಣು, ನಡುಗುವ ಕಾಲುಗಳಿಂದ ಭಯವನ್ನು ಗೇಲಿ ಮಾಡುತ್ತಲೇ ಅದನ್ನು ನಮಗೂ ದಾಟಿಸುತ್ತಿದ್ದರು. ನಾಯಕ ಹೆದರುವಂತಿಲ್ಲ, ಆದ್ದರಿಂದ ನಮ್ಮ ಪರವಾಗಿ ಹೆದರುವ ಕೆಲಸ ಅವರದು.

ಈ ಚಿತ್ರಗಳನ್ನು ನಾವು ಎಲ್ಲಿ ನೋಡಿದೆವು ಎಂಬುದನ್ನು ಬಿಟ್ಟು ಅವುಗಳ ಕಲೆಯ ಬಗ್ಗೆ ಮಾತಾಡಿದರೆ ಅರ್ಧ ಸತ್ಯ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೆ ಸಿನಿಮಾ ಎಂದರೆ ಟೆಂಟು. ಬೆಳಕಿರುವಾಗ ಪರದೆಯ ಮೇಲೆ ಏನೂ ಕಾಣದು, ಹಾಗಾಗಿ ಸಂಜೆ ಕಪ್ಪಾದ ಮೇಲೆ ಒಂದು, ಅದು ಮುಗಿದ ಮೇಲೆ ಇನ್ನೊಂದು ಆಟ. ‘ನಮೋ ವೆಂಕಟೇಶ’ ಹಾಡು ಧ್ವನಿವರ್ಧಕದಲ್ಲಿ ಕೇಳಿದರೆ ಊಟದ ತಟ್ಟೆ ಬಿಟ್ಟು ಓಡುವುದು. ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಣ. ಶೇಂಗಾ ಬೆಳೆಯುವ ಸೀಮೆಯಾದ್ದರಿಂದ ಟೆಂಟಿನ ನೆಲವೆಲ್ಲ ಕಡಲೆಕಾಯಿ ಸಿಪ್ಪೆ. ಪರದೆಯ ಮೇಲೆ ಕೊಲೆಗಾರ ಮೆಲ್ಲನೆ ಹೆಜ್ಜೆಯಿಡುವಾಗ ಹಿಂದೆ ಯಾರೋ ಸಿಪ್ಪೆ ತುಳಿದರೆ ಮೈ ಜುಮ್ಮೆನ್ನುತ್ತಿತ್ತು. ಬೆಂಗಳೂರಿನ ಎಷ್ಟು ದೊಡ್ಡ ಚಿತ್ರಮಂದಿರದಲ್ಲೂ ಅಂಥ ಶಬ್ದವ್ಯವಸ್ಥೆ ಇರಲಿಲ್ಲ.

ಟೆಂಟಿಗೆ ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ಎರಡನ್ನು ಸೇರಿಸಿ ಸುತ್ತಿದರೂ ಇಪ್ಪತ್ತು ಚಿಲ್ಲರೆ ನಿಮಿಷ. ಅಲ್ಲಿಗೆ ದೀಪ ಹತ್ತಬೇಕು, ರೀಲು ಬದಲಾಗಬೇಕು. ಬೇರೆ ಚಿತ್ರಗಳಿಗೆ ಇದು ಪೀಡೆ. ಪತ್ತೇದಾರಿ ಚಿತ್ರಕ್ಕೆ ಇದು ವರ. ಬಾಗಿಲ ಹಿಡಿಕೆ ತಿರುಗುತ್ತಿದ್ದಂತೆ ದೀಪ ಹತ್ತಿದರೆ, ಮುಂದಿನ ಐದು ನಿಮಿಷ ಟೆಂಟೆಲ್ಲ ಪತ್ತೇದಾರರೇ. ಬೆಂಚಿನವರಿಗೂ ನೆಲದವರಿಗೂ ವಾಗ್ವಾದ, ಬೀಡಿ, ಪಂದ್ಯ. ಹಾಡಿನ ಪುಸ್ತಕ ಮಾರುವವನಿಗೂ ಆಗಲೇ ವ್ಯಾಪಾರ. ಅದರಲ್ಲಿ ಕತೆಯ ಸಾರಾಂಶವನ್ನು ಕುತ್ತಿಗೆಗೆ ಬರುವ ತನಕ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಮುಗಿಸಿರುತ್ತಿದ್ದರು. ಲಂಡನ್ನಿನ ನಿರ್ದೇಶಕರು ಸಂಕಲನದ ಮೇಜಿನ ಮೇಲೆ ಹೆಣಗಿ ತರುತ್ತಿದ್ದ ತಡೆಯನ್ನು ನಮ್ಮ ಆಪರೇಟರು ಪ್ರೊಜೆಕ್ಟರಿನ ಬಡತನದಿಂದಲೇ ತರುತ್ತಿದ್ದ.

ಗಡಿಸೀಮೆಯ ಇನ್ನೊಂದು ಭಾಗ್ಯವೆಂದರೆ ತೆಲುಗು. ಪಾವಗಡವನ್ನಂತೂ ಆಂಧ್ರ ಸುತ್ತುವರಿದಿದೆ. ಅನಂತಪುರದ ಕಡೆಯ ಪೆಟ್ಟಿಗೆಗಳು ಈ ಕಡೆ ಬರುವುದು ಸಹಜ. 1966ರಲ್ಲೇ ಕೃಷ್ಣ ನಟಿಸಿದ ಕಪ್ಪು-ಬಿಳುಪಿನ ‘ಗೂಢಚಾರಿ 116’ ಬಂದಿತ್ತು, ಮರುವರ್ಷ ಅದೇ ಹಿಂದಿಯಲ್ಲಿ ಜಿತೇಂದ್ರರ ‘ಫರ್ಜ್’ ಆಯಿತು. 116 ಹೆಚ್ಚೋ 999 ಹೆಚ್ಚೋ ಎಂಬ ಜಗಳವನ್ನು ಈ ಸೀಮೆಯವರು ಆಡಿದಷ್ಟು ಹಕ್ಕಿನಿಂದ ಮೈಸೂರಿನವರು ಆಡಲಾರರು, ಅವರು ಒಂದನ್ನೇ ನೋಡಿದವರು. ನನ್ನ ತೀರ್ಪು ಬೇಕಿದ್ದರೆ: ಓಟಕ್ಕೆ 116, ನಡಿಗೆಗೆ 999.

ಇಂಗ್ಲೆಂಡಿನವರ ಅನುಕೂಲ, ಅಂದರೆ ಯಾರು ಬೇಕಾದರೂ ಅಪರಾಧಿಯಾಗಿರಬಹುದಾದ ಮುಖಗಳು, ನಮಗೆ ದಕ್ಕಿದ್ದು 1978ರಲ್ಲಿ, ಕಾಶೀನಾಥ್ ಅವರ ‘ಅಪರಿಚಿತ’ದಿಂದ. ಸುರೇಶ್ ಹೆಬ್ಳೀಕರ್, ಶೋಭಾ ಇದ್ದ ಆ ಚಿತ್ರದಲ್ಲಿ ಪ್ರೇಕ್ಷಕ ಕಣ್ಣುಮುಚ್ಚಿ ನಂಬಬಹುದಾದ ತಾರೆಯೇ ಇಲ್ಲ. ಸಣ್ಣ ಬಂಡವಾಳ, ಎಲ್ಲರ ಮೇಲೂ ಅನುಮಾನ. ಆಮೇಲೆ ಅದನ್ನೇ ಅವರು ಹಿಂದಿಯಲ್ಲಿ ‘ಬೇ-ಶಕ್’ ಮಾಡಿದರು. ಕನ್ನಡದಲ್ಲಿ ಇಂದು ಬರುವ ಕಡಿಮೆ ಖರ್ಚಿನ ರಹಸ್ಯ ಚಿತ್ರಗಳೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಚಿತ್ರದ ಸಂತಾನ. ನಿಮ್ಮ ಶಿರಾ ತಾಲ್ಲೂಕಿನವರೇ ಆದ ಬರಗೂರು ರಾಮಚಂದ್ರಪ್ಪನವರು ಒಂದೇ ಪಾತ್ರವನ್ನು ಇಟ್ಟುಕೊಂಡು ‘ಶಾಂತಿ’ ಎಂಬ ಚಿತ್ರ ಮಾಡಿದ್ದನ್ನೂ ಇಲ್ಲಿ ನೆನೆಯಬೇಕು. ಅದು ಪತ್ತೇದಾರಿ ಅಲ್ಲ, ಆದರೆ ಕಡಿಮೆಯಲ್ಲಿ ಹಿಡಿದಿಡುವ ಛಲ ಅದೇ.

ದೊರೈ-ಭಗವಾನ್ ಜೋಡಿಯನ್ನು ನಾವು ‘ಕಸ್ತೂರಿ ನಿವಾಸ’, ‘ಎರಡು ಕನಸು’ ಚಿತ್ರಗಳಿಂದ ಗುರುತಿಸುತ್ತೇವೆ. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು, ಜನ ಮುಗಿಬಿದ್ದರು. ದಯವಿಟ್ಟು ಯಾರೂ ‘ಜೇಡರ ಬಲೆ’ಗೆ ಬಣ್ಣ ಹಾಕದಿರಲಿ. ತ್ಯಾಗದ ಕತೆ ಬಣ್ಣ ತಡೆದುಕೊಳ್ಳುತ್ತದೆ. ಗೂಢಚಾರನ ಕತೆಯಲ್ಲಿ ಆ ಕಪ್ಪು ಹೋದರೆ ಉಳಿಯುವುದು ಪ್ಲೈವುಡ್ಡಿನ ಗೋಡೆ.

2023ರ ಫೆಬ್ರವರಿಯಲ್ಲಿ ಭಗವಾನ್ ತೀರಿಕೊಂಡಾಗ ಪತ್ರಿಕೆಗಳೆಲ್ಲ ‘ಕಸ್ತೂರಿ ನಿವಾಸ’ವನ್ನು ನೆನೆದವು, 999ಕ್ಕೆ ಒಂದು ಸಾಲು. ಇಂಗ್ಲೆಂಡಿನಲ್ಲಿ ಈ ಉದಾಸೀನಕ್ಕೆ ತಡವಾಗಿಯಾದರೂ ಮದ್ದು ಹುಡುಕಿದರು. 2010ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕಳೆದುಹೋದ 75 ಚಿತ್ರಗಳ ಪಟ್ಟಿ ಹೊರಡಿಸಿ, ನಿಮ್ಮ ಅಟ್ಟದಲ್ಲಿ ಇದ್ದರೆ ಕೊಡಿ ಎಂದು ಜನರನ್ನು ಕೇಳಿತು. ಮೈಕೆಲ್ ಪೊವೆಲ್ 1931ರಲ್ಲಿ ಮಾಡಿದ ‘ಟೂ ಕ್ರೌಡೆಡ್ ಅವರ್ಸ್’ ಎಂಬ ಕೋಟಾ ಚಿತ್ರವೂ ಆ ಪಟ್ಟಿಯಲ್ಲಿತ್ತು. ಕೆಲವು ಚಿತ್ರಗಳು ನಿಜಕ್ಕೂ ಸಿಕ್ಕವು.

ನಮ್ಮಲ್ಲಿ ಫಿಲ್ಮಿಗಿಂತ ಮುಂಚೆ ಹುಡುಕಬೇಕಾದದ್ದು ಕಾಗದ. 1964ರ ಚಲನಚಿತ್ರ ಮಂದಿರಗಳ ನಿಯಂತ್ರಣ ಕಾಯಿದೆಯ ಪ್ರಕಾರ ಟೂರಿಂಗ್ ಟಾಕೀಸುಗಳಿಗೆ ಲೈಸೆನ್ಸ್ ಬೇಕಿತ್ತು, ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು. ಯಾವ ಊರಿನ ಯಾವ ಬಯಲಿನಲ್ಲಿ, ಯಾವ ವರ್ಷ, ಎಷ್ಟು ತಿಂಗಳು ಟೆಂಟು ನಿಂತಿತ್ತು ಎಂಬ ದಾಖಲೆ ಆ ಕಡತಗಳಲ್ಲಿ ಇರಬೇಕಾದದ್ದು. ಇಲ್ಲಿ ಕೂತಿರುವ ಪದವಿ ವಿದ್ಯಾರ್ಥಿಗಳಲ್ಲಿ ಯಾರಾದರೂ ಅದನ್ನು ಯೋಜನಾಕಾರ್ಯವಾಗಿ ಎತ್ತಿಕೊಂಡರೆ, ನಾಲ್ಕು ತಾಲ್ಲೂಕುಗಳ ಟೆಂಟುಗಳ ನಕ್ಷೆಯೊಂದು ತಯಾರಾದೀತು. ಹಿರಿಯರ ಮನೆಗಳಲ್ಲಿ ಟ್ರಂಕಿನ ತಳಕ್ಕೆ ಹಾಸಿದ ಹಾಡಿನ ಪುಸ್ತಕಗಳು, ಎತ್ತಿನಗಾಡಿಯಲ್ಲಿ ಹಂಚಿದ ಬಣ್ಣದ ಹ್ಯಾಂಡ್‌ಬಿಲ್ಲುಗಳು ಇದ್ದರೆ ಅವನ್ನು ಆ ಹುಡುಗರಿಗೆ ತೋರಿಸಿ. ಫೋಟೊ ತೆಗೆದುಕೊಂಡು ಹಿಂದಿರುಗಿಸುತ್ತಾರೆ. ‘ಗೋವಾದಲ್ಲಿ ಸಿಐಡಿ 999’ರ ಹಾಡಿನ ಪುಸ್ತಕ ಯಾರ ಬಳಿಯಾದರೂ ಇದ್ದರೆ, ಸಭೆ ಮುಗಿದ ಮೇಲೆ ಕಾಫಿಯ ಹೊತ್ತಿಗೆ ನನ್ನನ್ನು ಹುಡುಕಿ.